ಸಾಸೂನ್ ಡಾಕಿನ ಮಾವ್ಶಿ, ಮತ್ತೆ ನಮ್ಮ ಐದು ಪೆಂಟ್ಯಾಕ್ಸ್

ಮೂರು ವರ್ಷದ ಹಿಂದೆ ಒಂದು ಹಳೇ 28 ಎಂಎಂ ಲೆನ್ಸ್ ಮಾರಾಟಕ್ಕಿದೆ ಅಂತ ಗೊತ್ತಾಗಿ ಮುಂಬೈ ನಂಬರಿಗೆ ಫೋನ್ ಮಾಡಿದ್ದೆ, ಹಿಂದೀಲಿ ರೇಟ್ ಕೇಳ್ತಾ ಇದ್ರೆ ಆ ಕಡೆಯಿಂದ "ನೀವು ಬೆಂಗಳೂರಿನವ್ರಾ? ಹಾಗಾದ್ರೆ ಕನ್ನಡದಲ್ಲೇ ಮಾತಾಡಿ ಮಾರಾಯ್ರೆ" ಅಂತ ಬಂತು. ಅವ್ರೇ ಮಾಟುಂಗಾ ಮಾಮ. ಕಾರ್ಕಳ ಕಡೆಯವ್ರು, ಮುಂಬೈಗೆ ಬಂದು ನಲ್ವತ್ತು ವರ್ಷದ ಮೇಲಾಯ್ತು, ಮೊದಲ ಸಂಬಳ ಕೂಡಿಟ್ಟು ತಗೊಂಡ ಪೆಂಟ್ಯಾಕ್ಸ್ ಕಂಪನಿಯ ಕೆ1000 ಫಿಲ್ಮ್ ಕ್ಯಾಮೆರಾ ಇನ್ನೂ ಅವರ ಕಪಾಟಲ್ಲಿದೆ. ಅವರ ಮೂಲಕ ಡೊಂಬಿವಲಿ ಅಣ್ಣ ಪರಿಚಯ, ಅಣ್ಣನ ಮೂಲಕ ಪುಣೆ ಅಕ್ಕ, ಮೈಸೂರಿನ ಹುಡುಗ ಮಾತ್ರ ನನಗೆ ರಂಗನತಿಟ್ಟಲ್ಲಿ ಸಿಕ್ಕಿದ್ದು, ಅವನ ಕುತ್ತಿಗೇಲಿ ನೇತಾಡ್ತಿದ್ದ ಕ್ಯಾಮೆರಾ ನೋಡಿ ನಾನೇ ಹೋಗಿ ಮಾತಾಡಿಸ್ದೆ. ಕೆನಾನ್ ನಿಕಾನ್ ಇರೋರಿಗೆ ಈ ಖುಷಿ ಅರ್ಥ ಆಗೋದು ಕಷ್ಟ, ಅವ್ರಿಗೆ ಎಲ್ಲಿ ಹೋದ್ರೂ ಜೊತೆಗಾರ್ರು ಇರ್ತಾರೆ. ನಮಗೆ ಇನ್ನೊಬ್ಬ ಪೆಂಟ್ಯಾಕ್ಸ್‌ನವ್ರು ಸಿಕ್ಕಿದ್ರೆ ಊರಿನವ್ರೇ ಸಿಕ್ಕಂಗಾಗುತ್ತೆ.

ಮೂರು ವರ್ಷದಿಂದ ಮೊಬೈಲಲ್ಲಿ ಫೋಟೊ ಕಳಿಸ್ಕೊಂಡು ಮಾತಾಡ್ತಾ ಇದ್ವಿ, ಐದೂ ಜನ ಮುಂಬೈಲಿ ಒಟ್ಟಿಗೆ ಕೂತಿದ್ದು ಈ ಫೆಬ್ರವರೀಲೇ ಮೊದಲು. ಹೊರಡೋಕೆ ಮುಂಚೇನೇ ಮಾಮ ಎರಡು ರೂಲ್ ಹಾಕಿದ್ರು. ಒಂದು, ದಿನಾ ರಾತ್ರಿ ಒಬ್ಬೊಬ್ರು ಐದು ಫೋಟೊ ತೋರಿಸ್ಬೇಕು, ಕ್ಯಾಮೆರಾದ ಸ್ಕ್ರೀನಲ್ಲೇ, ಎಡಿಟ್ ಮಾಡದೆ. ಎರಡು, 'ಸೂಪರ್' ಅನ್ನೋ ಪದ ಯಾರೂ ಬಳಸೋ ಹಾಗಿಲ್ಲ, ನೋಡಿದವ್ರು ಏನಾದ್ರೂ ಒಂದು ವಿಷಯ ಹೇಳ್ಲೇಬೇಕು. ಈ ಎರಡನೇದು ನನಗೆ ತುಂಬಾ ಬೇಕಾಗಿತ್ತು. ಮನೇಲಿ, ಆಫೀಸಲ್ಲಿ, ನೆಂಟರಲ್ಲಿ ಯಾರಿಗೆ ಫೋಟೊ ತೋರಿಸಿದ್ರೂ ಸೂಪರ್ ಅಂತಾರೆ, ಪ್ರೀತಿಯಿಂದಾನೇ ಅಂತಾರೆ, ಆದ್ರೆ ಹತ್ತು ವರ್ಷ ಸೂಪರ್ ಕೇಳಿಸ್ಕೊಂಡ್ರೂ ಫೋಟೊ ಅಲ್ಲೇ ಇರುತ್ತೆ, ಒಂದು ಹೆಜ್ಜೆ ಮುಂದೆ ಹೋಗಲ್ಲ.

ಶುಕ್ರವಾರ

ಗುರುವಾರ ರಾತ್ರಿ ಬೆಂಗಳೂರಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ್ವಿ, ನಾನೂ ಮೈಸೂರಿನ ಹುಡುಗನೂ. ಬೇಕಂತಲೇ ಸ್ಲೀಪರ್ ಮಾಡಿಸಿದ್ವಿ, ಎಸಿ ಬೋಗಿಲಿ ಕಿಟಕಿ ತೆಗಿಯೋಕಾಗಲ್ಲ, ಗಾಜಿನ ಹಿಂದೆ ಕೂತು ಏನ್ ಫೋಟೊ ತೆಗಿಯೋದು. ಕಲಬುರಗಿ ಹೊತ್ತಿಗೆ ಚೆನ್ನಾಗಿ ಬೆಳಗಾಗಿತ್ತು, ಸೋಲಾಪುರ ದಾಟಿದ ಮೇಲೆ ಹೊರಗೆ ಬರೀ ಒಣಗಿದ ಬಯಲು, ಹುಡುಗ ತನ್ನ ಕೆ-50 ಬಿಚ್ಚಿ ಸೆಲ್ ಹಾಕೋ ಹೋಲ್ಡರ್ ತೋರಿಸ್ದ, ಆ ಕ್ಯಾಮೆರಾಗೆ ಅದರದೇ ಬ್ಯಾಟರಿ ಅಲ್ದೆ ಒಂದು ಹೋಲ್ಡರ್ ಹಾಕಿದ್ರೆ ಟಾರ್ಚಿಗೆ ಹಾಕೋ ಪೆನ್ ಸೆಲ್ ನಾಲ್ಕು ಹಾಕಿನೂ ಓಡಿಸ್ಬಹುದು. ಕಾಡಲ್ಲಿ ಮೂರು ದಿನ ಕರೆಂಟ್ ಇಲ್ದೆ ಇದ್ದಾಗ ಇದೇ ಕಾಪಾಡಿದ್ದು ಅಂತ ಹೇಳಿದ.

ಪುಣೇಲಿ ಅಕ್ಕ ಹತ್ತಿದ್ರು, ಧಾರವಾಡದವ್ರು, ಮದುವೆಯಾಗಿ ಪುಣೆ ಸೇರಿ ಇಪ್ಪತ್ತು ವರ್ಷ. ಒಂದು ಡಬ್ಬಿ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಮೊಸರು. "ಮೊದ್ಲ ಉಣ್ರಿ, ಆಮ್ಯಾಲ ಫೋಟೊ" ಅಂದ್ರು. ಲೋಣಾವಳ ಆದಮೇಲೆ ಭೋರ್ ಘಾಟ್ ಇಳಿಯೋದು, 1863ರಲ್ಲಿ ಶುರುವಾದ ದಾರಿ ಅದು, ಸುರಂಗದ ಹಿಂದೆ ಸುರಂಗ, ಎರಡು ಸುರಂಗದ ನಡುವೆ ಕೆಲವೇ ಸೆಕೆಂಡು ಕಣಿವೆ ಕಾಣುತ್ತೆ, ಸಂಜೆ ಬಿಸಿಲು ಬೇರೆ. ನಾನು 135 ಎಂಎಂ ಹಳೇ ಲೆನ್ಸ್ ಹಾಕ್ಕೊಂಡು ತಿರುವಲ್ಲಿ ಇಂಜಿನ್ ಕಾಣೋದನ್ನ ಕಾದು ತೆಗೀತಿದ್ದೆ.

ಇಲ್ಲಿ ಒಂದು ವಿಷಯ ಹೇಳ್ಬೇಕು, ಮುಂದೆ ಬೇಕಾಗುತ್ತೆ. ಪೆಂಟ್ಯಾಕ್ಸಲ್ಲಿ 1975ರಲ್ಲಿ ಬಂದ ಕೆ ಮೌಂಟ್, ಅಂದ್ರೆ ಲೆನ್ಸ್ ಕೂರೋ ಬಾಯಿ, ಇವತ್ತಿಗೂ ಅದೇ, ಅಂದ್ರೆ ಮಾಮನ ಕೆ1000ಕ್ಕೆ ಕೂರ್ತಿದ್ದ ಲೆನ್ಸ್ ನನ್ನ ಡಿಜಿಟಲ್ ಕ್ಯಾಮೆರಾಗೂ ಕೂರುತ್ತೆ. ಕೈ ನಡುಗಿದ್ರೆ ಸರಿಮಾಡೋ ವ್ಯವಸ್ಥೆ ಲೆನ್ಸಲ್ಲಿ ಅಲ್ಲ, ಕ್ಯಾಮೆರಾ ಒಳಗೇ ಇದೆ, ಚಿತ್ರ ಹಿಡಿಯೋ ಸೆನ್ಸರೇ ಅಲ್ಲಾಡಿ ಸರಿದೂಗಿಸುತ್ತೆ, ಹಾಗಾಗಿ ಹಳೇ ಲೆನ್ಸಿಗೂ ಆ ಅನುಕೂಲ ಸಿಗುತ್ತೆ. ಆದ್ರೆ ಎಷ್ಟು ಅಲ್ಲಾಡ್ಬೇಕು ಅಂತ ತಿಳಿಯೋಕೆ ಸೆನ್ಸರಿಗೆ ಲೆನ್ಸ್ ಎಷ್ಟು ಎಂಎಂ ಅಂತ ಗೊತ್ತಿರ್ಬೇಕು, ಎಂಎಂ ಜಾಸ್ತಿ ಇದ್ದಷ್ಟೂ ದೂರದ್ದು ಹತ್ರ ಕಾಣುತ್ತೆ, ಕೈ ನಡುಕನೂ ಜಾಸ್ತಿ ಕಾಣುತ್ತೆ. ಹೊಸ ಲೆನ್ಸ್ ಆದ್ರೆ ತಾನೇ ಹೇಳುತ್ತೆ. ಹಳೇದಕ್ಕೆ ಆ ಕನೆಕ್ಷನ್ ಇಲ್ಲ, ಅದಕ್ಕೆ ಆನ್ ಮಾಡಿದ ಕೂಡ್ಲೇ ಕ್ಯಾಮೆರಾ ಎಷ್ಟು ಎಂಎಂ ಅಂತ ಕೇಳುತ್ತೆ, ಹಿಂದಿನ ಸಲ ಕೊಟ್ಟ ನಂಬರ್ ತೋರಿಸುತ್ತೆ, ಸರಿ ಇದ್ರೆ ಓಕೆ ಒತ್ತಿ ಮುಂದೆ ಹೋಗ್ಬೇಕು. ಘಾಟಿಯಲ್ಲಿ ನಾನು 135 ಅಂತ ಕೊಟ್ಟೆ.

ಸಿಎಸ್‌ಎಂಟಿ ಅನ್ನೋ ಮುಂಬೈನ ದೊಡ್ಡ ರೈಲ್ವೆ ಸ್ಟೇಷನ್ ಮುಟ್ಟಿದಾಗ ಕತ್ತಲಾಗಿತ್ತು. ಡೊಂಬಿವಲಿ ಅಣ್ಣ ಪ್ಲಾಟ್‌ಫಾರ್ಮಲ್ಲೇ ನಿಂತಿದ್ರು. ಹೊರಗೆ ಬಂದು ರಸ್ತೆ ದಾಟಿ ತಿರುಗಿ ನೋಡಿದ್ರೆ ಇಡೀ ಕಟ್ಟಡಕ್ಕೆ ದೀಪ ಹಾಕಿದ್ರು. ಫ್ರೆಡೆರಿಕ್ ಸ್ಟೀವನ್ಸ್ ಅನ್ನೋ ಇಂಜಿನಿಯರ್ 1878ರಲ್ಲಿ ಶುರುಮಾಡಿ ಹತ್ತು ವರ್ಷ ಹಿಡಿದು ಕಟ್ಟಿದ್ದು, 2004ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರ್ತು. ಎಲ್ರೂ ಒಂದೊಂದು ತೆಗೆದ್ವಿ, ಎಲ್ರದೂ ಹೆಚ್ಚುಕಮ್ಮಿ ಒಂದೇ ಥರ ಬಂತು. ಸುಸ್ತಾಗಿತ್ತು, ಮಾಟುಂಗಾಕ್ಕೆ ಬಂದು ಮಾಮನ ಮನೆ ಊಟ ಮಾಡಿ ಮಲಗಿದ್ವಿ.

ಶನಿವಾರ

ನಾಲ್ಕೂವರೆಗೆ ಎದ್ದು ಟ್ಯಾಕ್ಸೀಲಿ ಕೊಲಾಬಾ. ಸಾಸೂನ್ ಡಾಕ್ ಅನ್ನೋ ಮೀನುಗಾರರ ಬಂದರು ನೋಡೋಕೆ ಹೋಗೋರು ಕತ್ತಲಿರುವಾಗ್ಲೇ ಹೋಗ್ಬೇಕು, ಎಂಟು ಗಂಟೆಗೆ ಹೋದ್ರೆ ಜೋರೆಲ್ಲ ಇಳಿದಿರುತ್ತೆ. 1875ರ ಡಾಕ್ ಇದು. ಗೇಟಲ್ಲಿ ಕೇಳ್ಕೊಂಡು ಒಳಗೆ ಹೋದ್ವಿ, ಫೋಟೊ ತೆಗಿಯೋಕೆ ಮುಂಚೆ ಕೇಳೋದು, ಬೇಡ ಅಂದ್ರೆ ಕ್ಯಾಮೆರಾ ಕೆಳಗಿಳಿಸೋದು, ಇದು ಅಣ್ಣ ನಮಗೆಲ್ಲ ಮೊದಲೇ ಹೇಳಿದ್ದು.

ನೆಲ ಎಲ್ಲ ನೀರು, ಮಂಜುಗಡ್ಡೆ ಪುಡಿ, ಕಾಲಿಟ್ರೆ ಜಾರುತ್ತೆ. ದೋಣಿಯಿಂದ ಮೀನಿನ ಬುಟ್ಟಿ ಕೈಯಿಂದ ಕೈಗೆ ಹಾರ್ತಾ ಬರುತ್ತೆ, ಹಿಡಿಯೋನು ಕಣ್ಣೆತ್ತಿ ನೋಡೋದೂ ಇಲ್ಲ, ಕೈ ಚಾಚ್ತಾನೆ ಬುಟ್ಟಿ ಅಲ್ಲಿರುತ್ತೆ. ಒಂದು ಕಡೆ ಹರಾಜು, ಒಂದು ಕಡೆ ಕೈಗಾಡಿಯವ್ರು ದಾರಿ ಬಿಡಿ ಅಂತ ಕೂಗೋದು. ಮಾಮ ಮೀನು ತೋರಿಸಿ ಹೆಸರು ಹೇಳ್ತಾ ಬಂದ್ರು, ನಮ್ಮೂರಲ್ಲಿ ಮಾಂಜಿ ಅಂತೀವಲ್ಲ ಅದು ಇಲ್ಲಿ ಪಾಪ್ಲೆಟ್, ಅಂಜಲ್ ಅನ್ನೋದು ಸುರ್ಮೈ. ಒಂದು ದೋಣಿ ಹತ್ರ ತುಳು ಕೇಳಿಸ್ತು, ಮಾಮ ಅಲ್ಲೇ ಕಾಲು ಗಂಟೆ ನಿಂತುಬಿಟ್ರು.

ಒಳಗಡೆ ಶೆಡ್ಡಲ್ಲಿ ಹೆಂಗಸರು ಸಾಲಾಗಿ ಕೂತು ಸೀಗಡಿ ಸುಲೀತಾರೆ. ನಾನು ಹೆಚ್ಚು ಹೊತ್ತು ಇದ್ದಿದ್ದು ಅಲ್ಲೇ. ಬೆರಳಿಗೆ ಬಟ್ಟೆ ಸುತ್ಕೊಂಡಿರ್ತಾರೆ, ಎಡಗೈಲಿ ಸೀಗಡಿ ಎತ್ತೋದು, ಬಲಗೈಲಿ ತಲೆ ಚಿವುಟೋದು, ಹೆಬ್ಬೆರಳಲ್ಲಿ ಹೊಟ್ಟೆ ಕಡೆಯಿಂದ ಸಿಪ್ಪೆ ಒಂದೇ ಎಳೆತಕ್ಕೆ ಬಿಡಿಸೋದು, ಮಾಂಸ ನೀರಿನ ಬೋಗುಣಿಗೆ, ಸಿಪ್ಪೆ ಹಿಂದಕ್ಕೆ. ಒಂದು ಸೀಗಡಿಗೆ ಎರಡು ಸೆಕೆಂಡೂ ಆಗಲ್ಲ. ಮಾತು ನಿಲ್ಲಲ್ಲ, ಕೈಯೂ ನಿಲ್ಲಲ್ಲ. ಒಬ್ಬ ಮಾವ್ಶಿ (ಮರಾಠೀಲಿ ಚಿಕ್ಕಮ್ಮ ಅಂತ), ಅರವತ್ತು ದಾಟಿರ್ಬಹುದು, ಹಣೆ ಮೇಲೆ ದೊಡ್ಡ ಕುಂಕುಮ, ಮೂಗಿನ ಎರಡೂ ಕಡೆ ಸುಕ್ಕು ಬೆಳಕಿಗೆ ಎದ್ದು ಕಾಣ್ತಿತ್ತು. ಅಣ್ಣ ಮರಾಠೀಲಿ ಕೇಳಿದ್ರು, ಆಕೆ ತಲೆ ಆಡಿಸಿದ್ರು. ನಾನು ಗಡಿಬಿಡೀಲಿ 135 ತೆಗ್ದು 28 ಹಾಕಿ ಆನ್ ಮಾಡಿ ಓಕೆ ಒತ್ತಿ ಶುರು ಹಚ್ಕೊಂಡೆ. ಟ್ಯೂಬ್‌ಲೈಟ್ ಬೆಳಕು, ಐಎಸ್‌ಒ 1600, ಎಫ್ 2.8, ಶಟರ್ 1/30 ಸೆಕೆಂಡು, ಅಂದ್ರೆ ನಿಧಾನವೇ. ಅರ್ಧ ಗಂಟೇಲಿ ಎಂಬತ್ತು ಫೋಟೊ ಆಯ್ತು. ಸಂಜೆಗೆ ಇದರಲ್ಲೇ ಐದೂ ಸಿಗುತ್ತೆ ಅಂತ ಮನಸ್ಸಲ್ಲಿ ಗಟ್ಟಿಯಾಗಿತ್ತು.

ಆಮೇಲಿನ ಸುತ್ತಾಟ ಬೇಗ ಹೇಳ್ತೀನಿ. ಇರಾನಿ ಚಹಾ, ಬನ್ ಮಸ್ಕಾ. ಬೋರಾ ಬಜಾರಲ್ಲಿ ಕ್ಯಾಮೆರಾ ಅಂಗಡಿ ಸುತ್ತಿ ಹುಡುಗ ಒಂದು ಬೆಲ್ಟ್ ತಗೊಂಡ. ಮಧ್ಯಾಹ್ನ ಮೂರರ ಮೇಲೆ ಓವಲ್ ಮೈದಾನ. ಅಲ್ಲಿಗೆ ಮಧ್ಯಾಹ್ನ ಹೋಗಿದ್ದಕ್ಕೆ ಕಾರಣ ಇದೆ, ಮೈದಾನದ ಪೂರ್ವಕ್ಕೆ ಹೈಕೋರ್ಟು, ರಾಜಾಬಾಯಿ ಟವರ್, ಪಶ್ಚಿಮಕ್ಕೆ ಆರ್ಟ್ ಡೆಕೊ ಮನೆಗಳ ಸಾಲು, ಎರಡೂ ಸೇರಿ 2018ರಲ್ಲಿ ಯುನೆಸ್ಕೊ ಪಟ್ಟಿಗೆ ಬಂತು. ಕಲ್ಲಿನ ಕಟ್ಟಡಗಳ ಮುಖಕ್ಕೆ ಬಿಸಿಲು ಬೀಳೋದು ಮಧ್ಯಾಹ್ನದ ಮೇಲೇನೆ. ಬೆಳಿಗ್ಗೆ ಹೋದ್ರೆ ಎದುರುಗಡೆ ಸಾಲಿಗೆ ಬೆಳಕು, ಟವರ್ ಬರೀ ಕಪ್ಪು. ಮೊದಲ ಸಲ ಬಂದಾಗ ನಾನು ಬೆಳಿಗ್ಗೆ ಹೋಗಿ ನೆರಳಿನ ಟವರ್ ತಗೊಂಡು ವಾಪಸ್ ಬಂದಿದ್ದೆ, ಯಾರಾದ್ರೂ ಹೇಳಿದ್ರೆ ಚೆನ್ನಾಗಿತ್ತು, ಅದಕ್ಕೆ ಈಗ ಬರೀತಿದ್ದೀನಿ. ಮೈದಾನದಲ್ಲಿ ಒಂದೇ ಸಲಕ್ಕೆ ಹತ್ತು ಹನ್ನೆರಡು ಕ್ರಿಕೆಟ್ ಮ್ಯಾಚ್ ನಡೀತಿರುತ್ತೆ, ಒಂದು ಟೀಮಿನ ಫೀಲ್ಡರ್ ಇನ್ನೊಂದು ಟೀಮಿನ ವಿಕೆಟ್ ಪಕ್ಕ ನಿಂತಿರ್ತಾನೆ, ಅಕ್ಕ ಅದನ್ನೇ ತೆಗೆದ್ರು, ಟವರ್ ಹಿಂದೆ ಮಸುಕಾಗಿ.

ರಾತ್ರಿ ಊಟ ಆದ್ಮೇಲೆ ಮಾಮನ ಮನೆ ಹಾಲಲ್ಲಿ ಚಾಪೆ ಹಾಸಿ ಕೂತ್ವಿ. ಕ್ಯಾಮೆರಾನೇ ಕೈಯಿಂದ ಕೈಗೆ ದಾಟ್ತಿತ್ತು. ಇದರಲ್ಲಿ ಒಂದು ಸೊಗಸಿದೆ, ಯಾರ ಕೈಗೆ ಯಾರ ಕ್ಯಾಮೆರಾ ಬಂದ್ರೂ ಝೂಮ್ ಎಲ್ಲಿ, ಇನ್ಫೊ ಬಟನ್ ಎಲ್ಲಿ ಅಂತ ಹುಡುಕೋ ಹಾಗಿಲ್ಲ, ಹೆಬ್ಬೆರಳು ತಾನೇ ಹೋಗುತ್ತೆ. ನನ್ನ ಸರದಿ ಬಂತು. ಮಾವ್ಶಿ ಫೋಟೊ. ಸಣ್ಣ ಸ್ಕ್ರೀನಲ್ಲಿ ಚೆನ್ನಾಗೇ ಕಾಣ್ತಿತ್ತು. ಅಕ್ಕ ಝೂಮ್ ಮಾಡಿದ್ರು, ಮಾತಾಡ್ಲಿಲ್ಲ, ಹುಡುಗನಿಗೆ ಕೊಟ್ರು. ಹುಡುಗ ನೋಡಿ "ಅಣ್ಣ, ಶೇಕ್ ಆಗಿದೆ" ಅಂದ. ಎರಡನೇದೂ ಶೇಕು. ಮೂರನೇದೂ. ಎಂಬತ್ತೂ ತಿರುಗಿಸಿದೆ, ಸೂರ್ಯ ಬಂದ್ಮೇಲೆ ಶೆಡ್ಡಿನ ಬಾಗಿಲ ಹತ್ರ ಶಟರ್ ಜೋರಾಗಿದ್ದ ನಾಲ್ಕೈದು ಬಿಟ್ರೆ ಎಲ್ಲಾ ಅದೇ ಗತಿ. ನನಗೆ ಎದೆ ಧಸಕ್ ಅಂತು, ಅಷ್ಟು ದೂರದಿಂದ ಬಂದು, ಅಷ್ಟು ಬೇಗ ಎದ್ದು. ವಯಸ್ಸಾಯ್ತು, ಕೈ ನಡುಗೋಕೆ ಶುರುವಾಯ್ತೇನೋ ಅಂತ ನಿಜವಾಗ್ಲೂ ಹೆದರಿಕೆ ಆಯ್ತು.

ಮಾಮ ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದ್ರು. "ಇದು ಕೈ ನಡುಗಿದ್ದಲ್ಲ" ಅಂದ್ರು. "ಟ್ಯೂಬ್‌ಲೈಟಿನ ಬೆಳಕು ಬೋಗುಣಿ ಅಂಚಲ್ಲಿ ಹೊಳೀತದಲ್ಲ, ಅದು ನೋಡು, ಎಲ್ಲ ಫೋಟೊದಲ್ಲೂ ಎಳೆದ ಹಾಗೆ ಉಂಟು, 28ರ ಲೆನ್ಸಲ್ಲಿ ಕೈ ಎಷ್ಟು ನಡುಗಿದ್ರೂ ಇಷ್ಟು ಆಗ್ಲಿಕ್ಕಿಲ್ಲ." ಇನ್ಫೊ ಒತ್ತಿದ್ರು. "ಇದು ಎಂತ ಮಾರಾಯಾ, 135 ಅಂತ ಉಂಟಲ್ಲ ಇಲ್ಲಿ?"

ಆಗ ಗೊತ್ತಾಯ್ತು. ಗಡಿಬಿಡೀಲಿ ಲೆನ್ಸ್ ಬದಲಾಯಿಸಿದ್ದೆ, ನಂಬರ್ ಬದಲಾಯಿಸಿರಲಿಲ್ಲ, ನೋಡದೇ ಓಕೆ ಒತ್ತಿದ್ದೆ. ಹಾಕಿದ್ದು 28, ಕ್ಯಾಮೆರಾ ತಿಳ್ಕೊಂಡಿದ್ದು 135, ಅಂದ್ರೆ ಬೇಕಾದ್ದಕ್ಕಿಂತ ಸುಮಾರು ಐದು ಪಟ್ಟು ಸೆನ್ಸರ್ ಅಲ್ಲಾಡಿದೆ. ಸರಿಮಾಡೋಕೆ ಹೋಗಿ ಅದೇ ಕೆಡಿಸಿದೆ. ಆ ವ್ಯವಸ್ಥೆ ಪೂರ್ತಿ ಆಫ್ ಮಾಡಿದ್ರೂ ಇದಕ್ಕಿಂತ ಚೆನ್ನಾಗಿ ಬರ್ತಿತ್ತು.

ಇದನ್ನ ಬೇರೆ ಯಾರಿಗೆ ತೋರಿಸಿದ್ರೂ ಟ್ರೈಪಾಡ್ ಬಳಸಿ, ಶಟರ್ ಜಾಸ್ತಿ ಇಡಿ, ಒಳ್ಳೇ ಲೆನ್ಸ್ ತಗೊಳ್ಳಿ ಅಂತಿದ್ರು, ಒಳ್ಳೇ ಮನಸ್ಸಿಂದಾನೇ. ಅದೇ ಕ್ಯಾಮೆರಾ ದಿನಾ ಹಿಡಿಯೋ ಕೈಗೆ ಮಾತ್ರ ಈ ತಪ್ಪು ಎಲ್ಲಿಂದ ಬಂತು ಅಂತ ಹೊಳಿಯೋದು. ಹುಡುಗ ತನಗೂ ಒಂದು ಸಲ ಹೀಗೇ ಆಗಿದೆ, ಯಾಕೆ ಅಂತ ಇವತ್ತೇ ಗೊತ್ತಾಗಿದ್ದು ಅಂದ.

ಉಳಿದ ನಾಲ್ಕೈದರಲ್ಲಿ ಒಂದು ಚೆನ್ನಾಗಿ ಬಂದಿತ್ತು, ಮಾವ್ಶಿ ಬಾಗಿಲ ಬೆಳಕಿಗೆ ಮುಖ ಎತ್ತಿ ಯಾರಿಗೋ ಏನೋ ಹೇಳ್ತಿರೋದು. ಅದನ್ನ ಅಕ್ಕನಿಗೆ ಕೊಟ್ಟೆ. ಅಕ್ಕ ನೋಡಿ ಒಂದೇ ಪ್ರಶ್ನೆ ಕೇಳಿದ್ರು. "ಕೈ ಎಲ್ಲಿ?"

ಕೈ ಇರ್ಲಿಲ್ಲ. ಫ್ರೇಮ್ ಮಣಿಕಟ್ಟಿನ ಮೇಲೆ ಮುಗಿದಿತ್ತು. ಅರ್ಧ ಗಂಟೆ ನಾನು ಬಾಯಿಬಿಟ್ಕೊಂಡು ನೋಡಿದ್ದು ಆ ಕೈಗಳನ್ನ, ಇಲ್ಲಿ ಮೇಲೆ ಅಷ್ಟು ಬರೆದಿದ್ದೂ ಕೈ ಬಗ್ಗೇನೆ, ಫೋಟೊ ತೆಗಿವಾಗ ಮಾತ್ರ ಮುಖಕ್ಕೆ ಹೋಗಿಬಿಟ್ಟಿದ್ದೆ. "ಮುಖಾ ಛಲೋ ಬಂದೈತಿ, ಖರೇ" ಅಂದ್ರು ಅಕ್ಕ, "ಆದ್ರ ಈಕಿ ಯಾರು, ಎಲ್ಲಿ ಕುಂತಾಳ, ಏನ್ ಮಾಡಾಕತ್ತಾಳ ಅಂತ ನನಗ ಇದರಾಗ ಏನೂ ತಿಳೀವಲ್ದು." ಕಹಿಯಾಗಿ ಹೇಳ್ಲಿಲ್ಲ, ಕ್ಯಾಮೆರಾನ ಎರಡು ಕೈಲಿ ಹಿಡ್ಕೊಂಡು ಮೆಲ್ಲಗೆ ಹೇಳಿದ್ರು. ಆ ರಾತ್ರಿ ನಾನು ಹನ್ನೆರಡರ ತನಕ ನಿದ್ದೆ ಮಾಡ್ಲಿಲ್ಲ, ಸೋಮವಾರ ಮತ್ತೆ ಡಾಕಿಗೆ ಹೋಗ್ಲೇಬೇಕು ಅಂತ ತೀರ್ಮಾನ ಮಾಡ್ದೆ.

ಭಾನುವಾರ

ಬೆಳಿಗ್ಗೆ ದಾದರ್ ಹೂವಿನ ಮಾರ್ಕೆಟ್. ಇಲ್ಲಿ ಅಣ್ಣ ಒಂದು ಆಟ ಕಲಿಸಿದ್ರು, ಹಳೇ ಲೆನ್ಸ್ ಇರೋ ಪೆಂಟ್ಯಾಕ್ಸ್‌ನವ್ರೆಲ್ಲ ಮಾಡಿ ನೋಡ್ಬೇಕು. ಮೆನುವಿನಲ್ಲಿ ಕ್ಯಾಚ್ ಇನ್ ಫೋಕಸ್ ಅಂತ ಒಂದಿದೆ, ಅದನ್ನ ಆನ್ ಮಾಡಿ, ಫೋಕಸ್ ಎಎಫ್ ಎಸ್‌ನಲ್ಲಿಟ್ಟು, ಲೆನ್ಸಿನ ರಿಂಗ್ ತಿರುಗಿಸಿ ಮುಂದಿನ ಒಂದು ಜಾಗಕ್ಕೆ ಫೋಕಸ್ ಹಿಡಿದು, ಶಟರ್ ಬಟನ್ ಪೂರ್ತಿ ಒತ್ತಿ ಹಿಡ್ಕೊಂಡು ನಿಂತ್ಬಿಡೋದು. ಕ್ಯಾಮೆರಾ ಕ್ಲಿಕ್ ಮಾಡಲ್ಲ, ಕಾಯುತ್ತೆ. ಯಾರಾದ್ರೂ ನಡ್ಕೊಂಡು ಬಂದು ಸರಿಯಾಗಿ ಆ ದೂರಕ್ಕೆ ಬಂದ ಗಳಿಗೇಲಿ ತಾನೇ ಕ್ಲಿಕ್. ಓಣಿ ಕೊನೇಲಿ ನಾನು ಮಾಮನ 50 ಎಂಎಂ ಹಾಕ್ಕೊಂಡು ನಿಂತೆ, ತಲೆ ಮೇಲೆ ಚೆಂಡುಹೂವಿನ ಮೂಟೆ ಹೊತ್ತೋರು ಒಬ್ಬರ ಹಿಂದೆ ಒಬ್ಬರು ಬರ್ತಾ ಇದ್ರು, ಆ ಜನಜಂಗುಳೀಲಿ ನಾನೇ ಫೋಕಸ್ ಮಾಡೋಕೆ ಹೋಗಿದ್ರೆ ಒಂದೂ ಸಿಗ್ತಿರ್ಲಿಲ್ಲ. ಇಪ್ಪತ್ತರಲ್ಲಿ ಏಳು ಸರಿಯಾಗಿ ಸಿಕ್ತು. ಆನ್ ಮಾಡುವಾಗ 50 ಅಂತ ಬಾಯಲ್ಲಿ ಗಟ್ಟಿಯಾಗಿ ಹೇಳಿ ನಂಬರ್ ಹಾಕಿದೆ, ಅವತ್ತಿಂದ ಐದೂ ಜನ ಹಾಗೇ ಮಾಡ್ತಿದ್ದೀವಿ.

ಮಾರ್ಕೆಟ್ಟಿಂದ ವಾಪಸ್ ಬರ್ತಾ ಮಾಟುಂಗಾದ ಒಂದು ಸ್ಟುಡಿಯೋಲಿ ಮಾವ್ಶಿಯ ಆ ಒಂದು ಫೋಟೊ ಐದು ಇಂಟು ಏಳು ಸೈಜಲ್ಲಿ ಪ್ರಿಂಟ್ ಹಾಕ್ಸಿದೆ. ಯಾರ ಫೋಟೊ ತೆಗೀತೀವೋ ಅವ್ರಿಗೆ ಒಂದು ಕಾಪಿ ಕೊಡೋದು ಮಾಮನ ಹಳೇ ಪದ್ಧತಿ, ಫಿಲ್ಮ್ ಕಾಲದಿಂದ್ಲೂ.

ಮಧ್ಯಾಹ್ನದ ಊಟ ಸ್ಟೇಷನ್ ಪಕ್ಕ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಲ್ಲಿ, 1942ರಿಂದ ನಡೀತಿರೋದು. ಭಾನುವಾರ ಆದ್ರಿಂದ ಮೆಟ್ಟಿಲ ತನಕ ಜನ. ಬಾಳೆಎಲೆ ಊಟ, ಸಾರು ಹಾಕಿಸ್ಕೊಂಡ ಮೇಲೆ ಮೈಸೂರಿನ ಹುಡುಗ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ, ಊರು ನೆನಪಾಯ್ತು ಅಂದ. ಮಾಮ ಮೊದಲ ವರ್ಷಗಳಲ್ಲಿ ಇಂಥ ಊಟ, ಸಂಜೆಯಾದ್ರೆ ಮೈಸೂರು ಅಸೋಸಿಯೇಷನ್ನಿನ ಕನ್ನಡ ನಾಟಕ, ಇವೆರಡರಲ್ಲೇ ಮುಂಬೈ ಕಳೆದೆ ಅಂತ ಹೇಳ್ತಿದ್ರು.

ಊಟ ಆಗಿ ಕಿಂಗ್ಸ್ ಸರ್ಕಲಲ್ಲಿ ಲೋಕಲ್ ಹತ್ತಿ ಶಿವಡಿ. ಫ್ಲೆಮಿಂಗೊ ನೋಡೋಕೆ. ಇಲ್ಲೂ ಹೊತ್ತಿನ ಲೆಕ್ಕ ಇದೆ. ಶಿವಡಿ ಜೆಟ್ಟಿ ಮುಂಬೈನ ಪೂರ್ವ ದಂಡೆ, ಬೆಳಿಗ್ಗೆ ಹೋದ್ರೆ ಸೂರ್ಯ ಎದುರಿಗೇ, ಹಕ್ಕಿಯೆಲ್ಲ ಕಪ್ಪು. ಮಧ್ಯಾಹ್ನದ ಮೇಲೆ ಹೋದ್ರೆ ಬಿಸಿಲು ಬೆನ್ನಿಗೆ. ಅದರ ಜೊತೆ ಸಮುದ್ರದ ಉಬ್ಬರ ಇಳಿತನೂ ನೋಡ್ಬೇಕು, ಪೂರ್ತಿ ಇಳಿತ ಇದ್ರೆ ಹಕ್ಕಿಗಳು ಕೆಸರಲ್ಲಿ ದೂರ ಹೋಗಿರ್ತವೆ, ಉಬ್ಬರದ ನೀರು ಏರ್ತಾ ಬಂದಂಗೆ ದಡದ ಕಡೆಗೆ ಸರೀತವೆ. ಅಕ್ಕ ಉಬ್ಬರದ ಟೈಮ್ ನೋಡ್ಕೊಂಡೇ ಈ ಭಾನುವಾರ ಆರಿಸಿದ್ರು. ಸಾವಿರಾರು ಹಕ್ಕಿ, ಸಾಲು ಸಾಲು, ತಲೆ ತಗ್ಗಿಸಿ ಕೊಕ್ಕು ತಿರುವಿ ಕೆಸರು ಸೋಸ್ತಾ ನಡೆಯೋದು, ಅದರಲ್ಲಿ ಸಿಗೋ ಪಾಚಿಯಿಂದಾನೇ ಅವಕ್ಕೆ ಗುಲಾಬಿ ಬಣ್ಣ. ಹಿಂದೆ 2024ರಲ್ಲಿ ಓಪನ್ ಆದ ಅಟಲ್ ಸೇತು, 21.8 ಕಿಲೋಮೀಟರ್, ಶಿವಡಿಯಿಂದಾನೇ ಶುರುವಾಗಿ ಆಚೆ ದಡಕ್ಕೆ ಹೋಗುತ್ತೆ. ಉತ್ತರಕ್ಕೆ ಇದೇ ಕೊಲ್ಲಿಯಲ್ಲಿ ಠಾಣೆ ಕ್ರೀಕಿನ ಫ್ಲೆಮಿಂಗೊ ಅಭಯಾರಣ್ಯ ಇದೆ, 2022ರಲ್ಲಿ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರ್ತು. ಈ ಹಕ್ಕಿಗಳು ಇನ್ನೆಷ್ಟು ವರ್ಷ ಇಷ್ಟು ಹತ್ರ ಬರ್ತವೋ ಅಂತ ಅಲ್ಲಿ ನಿಂತಾಗ ಅನ್ನಿಸದೇ ಇರಲ್ಲ.

ನನ್ನ 135ಕ್ಕೆ ಹಕ್ಕಿ ಎಟುಕ್ಲಿಲ್ಲ, ನಾನು ದೋಣಿ, ಕೆಸರು, ಸೇತುವೆ ತೆಗೀತಾ ಕೂತೆ. ಅಕ್ಕ ತಮ್ಮ ಕೆ-70 ಕ್ಯಾಮೆರಾಗೆ 55-300 ಝೂಮ್ ಲೆನ್ಸ್ ಹಾಕಿ ಎರಡು ಗಂಟೆ ಅಲ್ಲಾಡದೆ ನಿಂತಿದ್ರು. ರಾತ್ರಿ ಅವರ ಐದು ಫೋಟೊ ಬಂದಾಗ ಹುಡುಗ ಧೈರ್ಯವಾಗಿ ಹೇಳಿದ, "ಅಕ್ಕಾ, ರೆಕ್ಕೆ ಮೇಲೆ ಬಿಳಿ ಸುಟ್ಟೋಗಿದೆ, ಒಂದೊಂದು ಗರಿ ಕಾಣ್ತಿಲ್ಲ." ನಿಜ. ಕೆಸರು ಕಪ್ಪು, ಹಕ್ಕಿ ಬಿಳಿ ಗುಲಾಬಿ, ಕ್ಯಾಮೆರಾ ಕೆಸರು ನೋಡಿ ಬೆಳಕು ಜಾಸ್ತಿ ಬಿಟ್ಟಿದೆ, ಬೆಳಕನ್ನ ಮುಕ್ಕಾಲರಿಂದ ಒಂದು ಸ್ಟಾಪ್ (ಬೆಳಕಿನ ಅಳತೆ) ಇಳಿಸ್ಬೇಕಿತ್ತು. ಅಕ್ಕ ನೋಟ್‌ಬುಕ್ ತೆಗ್ದು ಬರ್ಕೊಂಡ್ರು, ತನಗಿಂತ ಇಪ್ಪತ್ತು ವರ್ಷ ಚಿಕ್ಕವನು ಹೇಳಿದ್ದನ್ನ. ಆಮೇಲೆ "ಇನ್ನೂ ಏನರ ಕಾಣ್ತದೇನಪಾ?" ಅಂತ ಕೇಳಿದ್ರು. ಹಾರೋಕೆ ಮುಂಚೆ ನೀರ ಮೇಲೆ ಓಡೋ ಒಂದು ಹಕ್ಕಿ ಇತ್ತು, ಹಿಂದೆ ಅದರ ಹೆಜ್ಜೆಯಿಂದ ಎದ್ದ ನೀರಿನ ಹನಿಗಳ ಸಾಲು, ಆ ಫೋಟೊಗೆ ಮಾತ್ರ ಯಾರಿಗೂ ಹೇಳೋಕೆ ಏನೂ ಸಿಗ್ಲಿಲ್ಲ. ಮಾಮ ರೂಲ್ ಪ್ರಕಾರ ಏನಾದ್ರೂ ಹೇಳ್ಬೇಕಲ್ಲ ಅಂತ ಯೋಚಿಸಿ ಕೊನೆಗೆ "ಇದನ್ನು ಗೋಡೆಗೆ ಹಾಕು ಮಗಾ" ಅಂದ್ರು.

ಸೋಮವಾರ

ಮತ್ತೆ ನಾಲ್ಕೂವರೆ. ಹುಡುಗನೂ ಅಕ್ಕನೂ ಬಾಣಗಂಗಾ ಕೆರೆ ಕಡೆ ಹೋದ್ರು, ನಾನು, ಮಾಮ, ಅಣ್ಣ ಡಾಕಿಗೆ. ಮಾವ್ಶಿ ಅದೇ ಜಾಗದಲ್ಲಿ ಕೂತಿದ್ರು. ಪ್ರಿಂಟ್ ಕೊಟ್ಟೆ. ಬೆರಳಿನ ಬಟ್ಟೆ ಬಿಚ್ಚಿ, ಕೈ ಸೆರಗಿಗೆ ಎರಡು ಸಲ ಒರೆಸ್ಕೊಂಡು, ಫೋಟೊನ ಅಂಚಲ್ಲಿ ಹಿಡಿದು ಟ್ಯೂಬ್‌ಲೈಟಿಗೆ ಓರೆ ಮಾಡಿ ನೋಡಿದ್ರು. ಮುಖ ನೋಡ್ತಾರೆ ಅಂತ ನಾನು ಕಾಯ್ತಿದ್ದೆ. ಅವರ ಕಣ್ಣು ಹೋಗಿದ್ದು ಬಲಗಡೆ ಅಂಚಿಗೆ. ಅಲ್ಲಿ ಒಂದು ಭುಜ, ಹಸಿರು ಬಳೆ ಇದ್ದ ಅರ್ಧ ತೋಳು ಇತ್ತು, ನಾನು ಅದನ್ನ ಗಮನಿಸಿಯೇ ಇರ್ಲಿಲ್ಲ, ನಾವು ಐದು ಜನ ನೋಡಿದ್ರಲ್ಲಿ ಯಾರೂ ಹೇಳಿರ್ಲಿಲ್ಲ. ಮರಾಠೀಲಿ ಏನೋ ಕೇಳಿದ್ರು.

ಅಣ್ಣ ಹೇಳಿದ್ರು, "ಇಕಿ ಬಾಜೂಕ ಕುಂತಾಕಿ ಅರ್ಧಾನ ಅದಾಳ, ಉಳದಿದ್ದು ಎಲ್ಲಿ ಹೋತು ಅಂತ ಕೇಳಾಕತ್ತಾರ."

ಪಕ್ಕ ಕೂತಿದ್ದ ಹಸಿರು ಬಳೆಯಾಕೆ ಕತ್ತು ಚಾಚಿ ನೋಡಿದ್ರು, ಇಬ್ರೂ ಏನೋ ಮಾತಾಡ್ಕೊಂಡ್ರು, ದಿನಾ ಒಟ್ಟಿಗೇ ಬಸ್ಸಿಗೆ ಬರ್ತಾರಂತೆ, ಒಟ್ಟಿಗೇ ಕೂರ್ತಾರಂತೆ, ಎಷ್ಟೋ ವರ್ಷದಿಂದ. ನಾನು ಕ್ಷಮೆ ಕೇಳ್ದೆ, ಇಬ್ರದೂ ಸೇರಿ ತೆಗೀಲಾ ಅಂತ ಅಣ್ಣನ ಕೈಲಿ ಕೇಳಿಸ್ದೆ. ಇಬ್ರೂ ಸೆರಗು ಸರಿ ಮಾಡ್ಕೊಂಡು ನೆಟ್ಟಗೆ ಕೂತು ಕ್ಯಾಮೆರಾನೇ ನೋಡೋಕೆ ಶುರು ಮಾಡಿದ್ರು. ಮಾಮ ನನ್ನ ಭುಜ ಒತ್ತಿ ಕಾಯಿ ಅಂತ ಸನ್ನೆ ಮಾಡಿದ್ರು. 28 ಹಾಕ್ದೆ, ಇಪ್ಪತ್ತೆಂಟು ಅಂತ ಹೇಳಿ ನಂಬರ್ ಕೊಟ್ಟೆ. ಮಗುಚಿಟ್ಟ ಪ್ಲಾಸ್ಟಿಕ್ ಕ್ರೇಟ್ ಮೇಲೆ ಕೂತೆ, ಬೋಗುಣಿ ನನ್ನ ಮೊಣಕಾಲಿಗೆ ತಾಗೋಷ್ಟು ಹತ್ರ. ಹಸಿರು ಗುಂಡಿ ಒತ್ತಿದೆ, ಹಳೇ ಲೆನ್ಸಿಗೆ ಬೆಳಕು ಅಳೆಯೋದು ಅದರಿಂದಾನೇ, 1/40 ಅಂತ ತೋರಿಸ್ತು. ಸುಮ್ಮನೆ ಕೂತೆ. ಐದು ನಿಮಿಷಕ್ಕೆ ಅವ್ರಿಗೆ ನಾನಿರೋದು ಮರೀತು, ಸೀಗಡಿ ಕರೀತು, ಮಾತು ಶುರುವಾಯ್ತು. ನಾಲ್ಕು ಕೈ, ಎರಡು ಬೋಗುಣಿ, ಮಾವ್ಶಿ ಏನೋ ಹೇಳಿದ್ದಕ್ಕೆ ಹಸಿರು ಬಳೆಯಾಕೆ ನಗು ತಡೀತಾ ತಲೆ ತಗ್ಗಿಸಿದ್ದು. ಒಂಬತ್ತು ಫೋಟೊ ತೆಗ್ದೆ, ಅಷ್ಟೇ.

ಸಂಜೆ ಕೊನೇ ಸಲ ಚಾಪೆ ಮೇಲೆ ಕೂತ್ವಿ. ನಾನು ಐದು ತೋರಿಸ್ಲಿಲ್ಲ, ಒಂದೇ. ಅಕ್ಕ ಝೂಮ್ ಮಾಡಿ ನಾಲ್ಕೂ ಕೈ ಒಂದೊಂದಾಗಿ ನೋಡಿದ್ರು. ಹುಡುಗ ಇನ್ಫೊ ಒತ್ತಿ 28 ಅಂತ ಓದಿ ಹೇಳಿದ. ಅಣ್ಣ ಎಡಗಡೆ ನೆಲದ ಮೇಲಿರೋ ನೀಲಿ ಕ್ಯಾನ್ ಕಣ್ಣು ಎಳೀತದ ಅಂದ್ರು, ಅದೂ ನಿಜವೇ, ಕಪ್ಪುಬಿಳುಪು ಮಾಡಿದ್ರೆ ಹೋಗುತ್ತೆ, ಆದ್ರೆ ಆ ಹಸಿರು ಬಳೆನೂ ಹೋಗುತ್ತೆ ಅಂತ ಅಕ್ಕ ಅಂದ್ರು, ಇದರ ಮೇಲೆ ಅರ್ಧ ಗಂಟೆ ಮಾತಾಯ್ತು. ಕೊನೆಗೆ ಬಣ್ಣದಲ್ಲೇ ಇರ್ಲಿ ಅಂತ ಆಯ್ತು. ಸ್ಟುಡಿಯೋ ಮುಚ್ಚೋ ಮುಂಚೆ ಓಡಿ ಪ್ರಿಂಟ್ ಹಾಕ್ಸಿದ್ವಿ, ಮಾಮ ಮೂರು ಕಾಪಿ ಹೇಳಿದ್ರು. ಎರಡು ಅವ್ರಿಬ್ರಿಗೆ, ಮೂರನೇದು ಯಾರಿಗೆ ಅಂದ್ರೆ "ನನಗೆ ಬೇಡ್ವಾ?" ಅಂದ್ರು.

ಮಂಗಳವಾರ

ಬೆಳಿಗ್ಗೆ ಉದ್ಯಾನ್ ಹತ್ತಿದ್ವಿ. ಮಾಮ ಸ್ಟೇಷನ್ನಿಗೆ ಬರ್ಲಿಲ್ಲ, ಮೀನು ತರ್ಲಿಕ್ಕೆ ಹೋಗ್ಬೇಕು ಅಂದಿದ್ರು. ಅಕ್ಕ ಪುಣೇಲಿ ಇಳಿಯುವಾಗ ತಮ್ಮ 55-300 ಹುಡುಗನ ಕೈಗಿಟ್ಟು "ಎರಡು ತಿಂಗಳು ಇಟ್ಕೋ, ರಂಗನತಿಟ್ಟಿಗೆ ಹೋಗು" ಅಂದ್ರು. ಅವನು ಸೋಲಾಪುರದ ತನಕ ಕಿಟಕಿ ಹೊರಗೆ ಕಂಡ ಕೊಕ್ಕರೆಗಳ ಮೇಲೆಲ್ಲ ಪ್ರಯೋಗ ಮಾಡ್ತಿದ್ದ.

ದೌಂಡ್ ದಾಟಿದ ಮೇಲೆ ಮಾಮನ ಫೋನ್ ಬಂತು. ಕೊಟ್ಟೆ ಅಂದ್ರು. ಹಸಿರು ಬಳೆಯಾಕೆ ಬೋಗುಣಿ ಪಕ್ಕಕ್ಕಿಟ್ಟು ಸಾಲಲ್ಲಿದ್ದವ್ರಿಗೆಲ್ಲ ತೋರಿಸ್ಕೊಂಡು ಬಂದ್ರಂತೆ. ಮಾವ್ಶಿ ಮಾತ್ರ ತಮ್ಮ ಕಾಪಿನ ಐಸ್ ನೀರು ತಾಗದ ಹಾಗೆ ಎರಡು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ಊಟದ ಡಬ್ಬಿ ಚೀಲದ ಅಡಿಗೆ ಇಟ್ಕೊಂಡ್ರಂತೆ.